ಹೆಸರುಕಾಳಿನಷ್ಟು ಕುಣಿತ

ಹೆಸರು ಹೇಳಿದರೆ ಅಲ್ಲಿನವರು ಜಗಳಕ್ಕೆ ಬರುತ್ತಾರೆ, ಆದ್ದರಿಂದ ಅದನ್ನು ಊರು ಎಂದಷ್ಟೇ ಕರೆಯೋಣ. ಆ ಊರಿನಲ್ಲಿ ಅರಮನೆಗಿಂತ ದೊಡ್ಡದಾದ ನಕ್ಷೆ ಕಚೇರಿಯೊಂದಿತ್ತು. ಹನ್ನೆರಡು ವರ್ಷಕ್ಕೊಮ್ಮೆ ಅಲ್ಲಿ ಊರಿನ ನಕ್ಷೆಯನ್ನು ಹೊಸ ತಾಮ್ರದ ತಗಡಿನ ಮೇಲೆ ಕೊರೆದು, ಹಾಳೆಗಳಿಗೆ ಅಚ್ಚೊತ್ತಿ, ಬಂದುಹೋಗುವವರಿಗೆಲ್ಲ ಹಂಚುತ್ತಿದ್ದರು. ನಕ್ಷೆಯಲ್ಲಿ ಇದ್ದದ್ದು ಊರಿನಲ್ಲಿ ಇತ್ತು. ನಕ್ಷೆಯಲ್ಲಿ ಇಲ್ಲದ್ದಕ್ಕೆ ಬಯಲು ಎಂದು ಹೆಸರು, ಬಯಲಾದದ್ದು ಉಗ್ರಾಣದ ಇಲಾಖೆಗೆ ಸೇರಬೇಕೆಂದು ಕಾನೂನು. ಒಂದು ಸಲ ಬಾವಿಯಲ್ಲಿ ನೀರು ಸೇದುತ್ತಿದ್ದ ಹೆಂಗಸರನ್ನು "ಇಲ್ಲಿ ಬಾವಿಯಿಲ್ಲ, ನಡೀರಿ" ಎಂದು ಎಬ್ಬಿಸಿ, ಅದರ ಮೇಲೆ ಗೋದಾಮು ಕಟ್ಟಿದ್ದರು.

ಈ ಸಲ ಹೊಸ ಅರಸು ಹೊಸ ಆಜ್ಞೆ ಹೊರಡಿಸಿದ. ನಕ್ಷೆಯಲ್ಲಿ ಅಕ್ಷರವೇ ಇರಕೂಡದು, ಓದು ಬಾರದವರಿಗೂ ತಿಳಿಯುವಂತೆ ಬರೀ ಗುರುತುಗಳಿರಬೇಕು. ಆಜ್ಞೆ ಒಳ್ಳೆಯದೇ, ಯಾರೂ ಆಕ್ಷೇಪಿಸಲಿಲ್ಲ. ಬಾವಿಗೆ ಕೊಡ ಬಂತು, ಸಂತೆಗೆ ತಕ್ಕಡಿ, ಛತ್ರಕ್ಕೆ ಚಾಪೆ, ಠಾಣೆಗೆ ಲಾಠಿ. ಹೀಗೆ ಎಂಬತ್ತೇಳು ಗುರುತುಗಳು ತಗಡಿಗೇರಿದವು. ಉಳಿದದ್ದು ಒಂದೇ, ಕುಣಿತದ ಅಂಗಳ. ಅಂಥ ಅಂಗಳಗಳು ಊರಿನಲ್ಲಿ ಹನ್ನೊಂದಿದ್ದವು. ತಗಡು ಅಚ್ಚಿಗೆ ಹೋಗಲು ಒಂದು ತಿಂಗಳು ಬಾಕಿಯಿತ್ತು. ಅಷ್ಟರೊಳಗೆ ಕುಣಿತಕ್ಕೆ ಗುರುತು ಸಿಗದಿದ್ದರೆ ಹನ್ನೊಂದೂ ಬಯಲು.

ಆ ಕೆಲಸ ಚೆನ್ನಾಜಿಯ ಪಾಲಿಗೆ ಬಂತು. ಚೆನ್ನಾಜಿ ಕಚೇರಿಯಲ್ಲಿ ತಗಡು ಕೊರೆಯುವವಳು, ಕೈ ಅಲುಗದವಳೆಂದು ಹೆಸರಾದವಳು. ಕೈ ಅಲುಗದಿದ್ದರೂ ಕಾಲು ಅಲುಗುತ್ತಿತ್ತು. ಹಗಲೆಲ್ಲ ಚಕ್ಕಳಮಕ್ಕಳ ಹಾಕಿ ಕೂತು ಕೊರೆಯುವಾಗ ಅವಳ ಹೆಬ್ಬೆರಳು ಸೀರೆಯ ಅಂಚಿನಡಿಯಲ್ಲಿ ತನ್ನಷ್ಟಕ್ಕೆ ತಾಳ ಹಾಕುತ್ತಿತ್ತು. ಸಂಜೆ ಉಳಿ ಕೆಳಗಿಟ್ಟವಳೇ ಓಡುತ್ತಿದ್ದದ್ದು ಸುಣ್ಣದ ಬೀದಿಯ ಅಂಗಳಕ್ಕೆ. ಆ ಬೀದಿಯವರು ಹಿಂದೆ ಮಾಳಿಗೆಗಳಿಗೆ ಗಾರೆ ತುಳಿಯುತ್ತಿದ್ದರು. ನಲವತ್ತು ಜನ ಸಾಲಾಗಿ ನಿಂತು, ಬಲಕ್ಕೊಂದು ಎಡಕ್ಕೊಂದು ಹೆಜ್ಜೆ ಹಾಕಿ, ಬೆಲ್ಲದ ನೀರು ಬೆರೆಸಿದ ಸುಣ್ಣವನ್ನು ಹದಕ್ಕೆ ಬರುವ ತನಕ ತುಳಿಯಬೇಕಿತ್ತು. ಕಾಲ ಬದಲಾಗಿ ಗಾರೆ ಹೋಯಿತು, ತುಳಿತ ಉಳಿಯಿತು. ಚೆನ್ನಾಜಿಯ ಅವ್ವ ಅಲ್ಲಿ ತುಳಿದವಳು, ಅಜ್ಜಿ ಅಲ್ಲಿ ತುಳಿದವಳು. ಆ ಅಂಗಳ ಹೋದರೆ ತನ್ನ ಕಾಲೇ ಹೋದಂತೆ ಎಂದು ಚೆನ್ನಾಜಿಗೆ ಗೊತ್ತಿತ್ತು, ಆ ತಿಂಗಳಿಡೀ ಅವಳಿಗೆ ಸರಿಯಾಗಿ ಊಟ ಸೇರಲಿಲ್ಲ.

ಗುರುತು ಎಂದರೆ ಏನೋ ಒಂದು ಗೀಚಿದರಾಗುತ್ತಿರಲಿಲ್ಲ. ಕಚೇರಿಯಲ್ಲಿ ಹೆಬ್ಬಾಗಿಲ ಪರೀಕ್ಷೆ ಎಂಬ ಹಳೆಯ ಪದ್ಧತಿಯಿತ್ತು. ಹೊಸ ಗುರುತನ್ನು ಹೆಸರುಕಾಳಿನ ಗಾತ್ರಕ್ಕೆ ಒತ್ತಿ, ಕಚೇರಿಯ ಹೆಬ್ಬಾಗಿಲಲ್ಲಿ ತೋಳಿನುದ್ದ ದೂರ ಹಿಡಿದು, ದಾರಿಯಲ್ಲಿ ಹೋಗುವ ಮೂವರು ಓದು ಬಾರದವರನ್ನು ಒಬ್ಬೊಬ್ಬರಾಗಿ ಕರೆದು "ಇದೇನು?" ಎಂದು ಕೇಳಬೇಕು. ಸುಳಿವು ಕೊಡಕೂಡದು. ಬಾಯಲ್ಲಿನ ಎಲೆಅಡಿಕೆ ಉಗುಳುವಷ್ಟರಲ್ಲಿ ಉತ್ತರ ಬರಬೇಕು. ಮೂವರೂ ಒಂದೇ ಉತ್ತರ ಕೊಟ್ಟರೆ ಗುರುತು ಗೆದ್ದಂತೆ.

ಚೆನ್ನಾಜಿ ಮೊದಲು ಒಂದು ಕಾಲೆತ್ತಿ ಎರಡೂ ಕೈ ಮೇಲೆತ್ತಿದ ಮನುಷ್ಯನನ್ನು ಕೊರೆದಳು. ಅವಳ ಕಣ್ಣಿಗೆ ಅದು ಕುಣಿತವೇ. ಹೆಬ್ಬಾಗಿಲಲ್ಲಿ ಮಜ್ಜಿಗೆ ಮಾರುವವಳು ಬಗ್ಗಿ ನೋಡಿ, "ಅಯ್ಯೋ ಪಾಪ, ಮುಳ್ ತುಳಿದವ್ನೆ" ಎಂದಳು.

ಚಾಪೆ ಹೆಣೆಯುವವನು, "ನಾಯಿ ಅಟ್ಟಿಸ್ಕಂಡ್ ಬಂದದೆ ಕಣವ್ವ" ಎಂದ.

ಮೂರನೆಯವನು ಅಗಸ. ಅವನು ಬಹಳ ಅನುಭವದಿಂದ ತಲೆಯಾಡಿಸಿ, "ಕುಡ್ದವ್ನೆ, ಮನೇಗೆ ಸೇರಾಕಿಲ್ಲ" ಎಂದ.

ಎರಡನೆಯ ವಾರ ಗೆಜ್ಜೆ ಕೊರೆದಳು. ಅದು ಒಬ್ಬರಿಗೆ ಜರಿಹುಳ, ಒಬ್ಬರಿಗೆ ಹಲ್ಲು ಮುರಿದ ಬಾಚಣಿಗೆ, ಇನ್ನೊಬ್ಬರಿಗೆ ಬಾಯಿ ತೆರೆದ ಮೊಸಳೆ. ಎದುರುಬದುರು ನಿಂತ ಇಬ್ಬರನ್ನು ಕೊರೆದಾಗ ಮೊದಲನೆಯವನು "ಕುಸ್ತಿ" ಎಂದ, ಎರಡನೆಯವಳು "ಅತ್ತೆ ಸೊಸೆ" ಎಂದಳು, ಮೂರನೆಯ ಮುದುಕಿ ಸೆರಗನ್ನು ಬಾಯಿಗೆ ಮುಚ್ಚಿಕೊಂಡು ಏನೂ ಹೇಳದೆ ಓಡಿಹೋದಳು. ತಮಟೆ ಕೊರೆದರೆ ಎಲ್ಲರೂ ಒಂದೇ ಮಾತು ಹೇಳಿದರು. ಆದರೆ ಅವರು ಹೇಳಿದ್ದು "ರೊಟ್ಟಿ" ಎಂದು.

ಹೆಬ್ಬಾಗಿಲಾಚೆಯ ಗೋಳು ಇದಾದರೆ ಒಳಗಿನದು ಇನ್ನೊಂದು ಬಗೆ. ಗುರುತುಗಳನ್ನು ಒಪ್ಪುವ ಸಮಿತಿಯಲ್ಲಿ ಮೂವರಿದ್ದರು. ಮರ್ಯಾದೆಯ ಮಂತ್ರಿ ಪ್ರತಿ ಹಾಳೆಯನ್ನೂ ಎರಡು ಬೆರಳಲ್ಲಿ ಹಿಡಿದು, "ಇದು ಗಂಡೋ ಹೆಣ್ಣೋ?" ಎಂದು ಕೇಳುತ್ತಿದ್ದ. ಗಂಡಾದರೆ ನಗೆಪಾಟಲು, ಹೆಣ್ಣಾದರೆ ಅಪಚಾರ. ಪರಂಪರೆಯ ಪಂಡಿತನಿಗೆ ಎತ್ತಿದ ಕಾಲಿನ ಚಿಂತೆ. ಎಡಗಾಲೆತ್ತಿದರೆ ಒಂದು ಮನೆತನದ ಕುಣಿತಕ್ಕೆ ಮನ್ನಣೆ ಕೊಟ್ಟಂತೆ, ಬಲಗಾಲೆತ್ತಿದರೆ ಇನ್ನೊಂದಕ್ಕೆ, ಎರಡೂ ನೆಲದ ಮೇಲಿದ್ದರೆ ಯಾವುದಕ್ಕೂ ಅಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಇವರಿಬ್ಬರ ನಡುವೆ ಉಗ್ರಾಣದ ಅಧಿಕಾರಿ ಮಾತ್ರ ಮುಗುಳ್ನಗುತ್ತಾ ಕೂತಿರುತ್ತಿದ್ದ. ಹನ್ನೊಂದು ಅಂಗಳಗಳ ಮೇಲೆ ಎಷ್ಟು ಗೋದಾಮು ಏಳುತ್ತವೆಂದು ಅವನಿಗೆ ಬಾಯಿಪಾಠವಾಗಿತ್ತು. ಪ್ರತಿ ಸಭೆ ಮುಗಿದಾಗಲೂ ಅವನು ಚೆನ್ನಾಜಿಯ ಹತ್ತಿರ ಬಂದು, "ಅವಸರವಿಲ್ಲಮ್ಮ, ನಿಧಾನವಾಗಿ ಮಾಡು" ಎನ್ನುತ್ತಿದ್ದ.

ಗಡುವಿಗೆ ನಾಲ್ಕು ದಿನ ಉಳಿದಾಗ ಅವಳು ಅಂಗಳದ ಹಿರಿಯ ಮಂಚಯ್ಯನ ಮುಂದೆ ಹೋಗಿ ಕೂತಳು. ಮಂಚಯ್ಯನಿಗೆ ಎಪ್ಪತ್ತು ದಾಟಿತ್ತು. ಹೆಜ್ಜೆಯ ಲೆಕ್ಕ ಕೂಗುವವನು ಅವನೇ.

"ಮಂಚಣ್ಣ, ಕುಣಿತ ಅಂದ್ರೆ ಏನು ಹೇಳು. ಒಂದೇ ಮಾತ್ನಲ್ಲಿ."

"ಒಂದೇ ಮಾತ್ನಲ್ಲಿ ಹೇಳಂಗಿದ್ರೆ ಯಾಕವ್ವ ಕುಣೀಬೇಕಿತ್ತು?" ಎಂದು ಮಂಚಯ್ಯ ಎಲೆಗೆ ಸುಣ್ಣ ಸವರಿದ. "ನೀನು ಆಗ್ಲಿಂದ ಒಬ್ಬೊಬ್ರುನ್ನೇ ಹಿಡ್ಕಂಡ್ ಕೊರೀತಿದ್ದೀಯ. ಅತ್ಲಾಗೋಗಿ ದೂರದಿಂದ ನೋಡು. ಹತ್ರದಿಂದ ನೋಡುದ್ರೆ ಎಲ್ರುದೂ ಬೆವರೇ ಕಾಣದು."

ಅಂಗಳದ ಪಕ್ಕದಲ್ಲಿ ಉರಿಯುವುದನ್ನು ನಿಲ್ಲಿಸಿದ ಸುಣ್ಣದ ಗೂಡೊಂದು ಎತ್ತರಕ್ಕೆ ನಿಂತಿತ್ತು. ಚೆನ್ನಾಜಿ ಸೀರೆ ಎತ್ತಿಕಟ್ಟಿ ಅದರ ನೆತ್ತಿಗೆ ಹತ್ತಿದಳು. ಇಳಿಬಿಸಿಲಿನಲ್ಲಿ ಇಡೀ ಊರು ಕಾಣುತ್ತಿತ್ತು. ಅಷ್ಟು ಮೇಲಿನಿಂದ ಜನರೆಲ್ಲ ಬರೀ ಗೀರುಗಳು. ಸಂತೆಯಲ್ಲಿ ಗೀರುಗಳು ಚೆಲ್ಲಾಪಿಲ್ಲಿಯಾಗಿದ್ದವು. ಠಾಣೆಯ ಮುಂದೆ ಅವು ನೆಟ್ಟಗೆ ನಿಂತಿದ್ದವು. ಬೀದಿಯಲ್ಲಿ ಪ್ರತಿಯೊಂದೂ ತನ್ನ ಕಡೆಗೆ ವಾಲಿಕೊಂಡು ಹೋಗುತ್ತಿತ್ತು. ಕಾಲಡಿಯ ಅಂಗಳದಲ್ಲಿ ಮಾತ್ರ ನಲವತ್ತು ಗೀರುಗಳು ಒಟ್ಟಿಗೆ ಬಲಕ್ಕೆ ವಾಲಿದವು, ಒಟ್ಟಿಗೆ ಎಡಕ್ಕೆ ಬಂದವು, ಮತ್ತೆ ಬಲಕ್ಕೆ. ಚೆನ್ನಾಜಿ ಗೂಡಿನ ನೆತ್ತಿಯ ಮೇಲೆ ಒಬ್ಬಳೇ ಕೈ ತಟ್ಟಿಕೊಂಡಳು. ಒಬ್ಬ ವಾಲಿದರೆ ಬೀಳುತ್ತಿದ್ದಾನೆ. ಇಬ್ಬರು ವಾಲಿದರೆ ಒಬ್ಬರನ್ನೊಬ್ಬರು ದೂಡುತ್ತಿದ್ದಾರೆ. ಮೂವರು ಒಂದೇ ಕಡೆಗೆ ವಾಲಿದರೆ ಅದು ಕುಣಿತ, ಬೇರೆ ಏನೂ ಆಗಲು ಸಾಧ್ಯವಿಲ್ಲ.

ಮರುದಿನ ಬೆಳಗ್ಗೆ ಕೊರೆದಳು. ಮೂರು ವಾರೆಗೀರು, ಪ್ರತಿಯೊಂದರ ಮೇಲೆ ಚುಕ್ಕೆಯಂಥ ತಲೆ, ಕೆಳಗೆ ತುಸು ಮಡಿಸಿದ ಮೊಣಕಾಲು. ಕೈಯಿಲ್ಲ, ಗೆಜ್ಜೆಯಿಲ್ಲ, ಗಂಡುಹೆಣ್ಣೆಂಬ ಭೇದವಿಲ್ಲ. ಹೆಸರುಕಾಳಿನ ಗಾತ್ರಕ್ಕೆ ಒತ್ತಿ ಹೆಬ್ಬಾಗಿಲಿಗೆ ಹೋದಳು.

ಹುಲ್ಲಿನ ಹೊರೆ ಹೊತ್ತವಳು ಹೊರೆ ಇಳಿಸದೆಯೇ, "ಕುಣೀತಾವ್ರೆ" ಎಂದಳು.

ಕುಂಬಾರ, "ಕುಣೀತಾವ್ರಲ್ಲ, ಏನ್ ಮದ್ವೆನಾ?" ಎಂದ.

ಮೂರನೆಯ ಮುದುಕನಿಗೆ ಒಂದು ಕಣ್ಣು ಕಾಣುತ್ತಿರಲಿಲ್ಲ. ಅವನು ತಲೆ ವಾರೆ ಮಾಡಿ ಇನ್ನೊಂದು ಕಣ್ಣಿನಿಂದ ಹಾಳೆಯನ್ನು ನೋಡಿದ. ಬಾಯಿ ತೆರೆಯುವ ಮೊದಲೇ ಅವನ ಕೋಲು ನೆಲಕ್ಕೆ ಎರಡು ಸಲ ಬಡಿಯಿತು, "ಕುಣಿತ ಕಣವ್ವ" ಎಂದ. ಚೆನ್ನಾಜಿಗೆ ಅಳು ಬಂತು. ಕಚೇರಿಯ ಕಂಬದ ಮರೆಗೆ ಹೋಗಿ ಅತ್ತು, ಮೂಗು ಒರೆಸಿಕೊಂಡು ಬಂದಳು.

ಸಮಿತಿ ಕೂತಿತು. ಗಂಡೂ ಅಲ್ಲ ಹೆಣ್ಣೂ ಅಲ್ಲ ಎಂದು ಮರ್ಯಾದೆಯ ಮಂತ್ರಿ ನಿಟ್ಟುಸಿರು ಬಿಟ್ಟ. ಯಾವ ಮನೆತನದ ಹೆಜ್ಜೆಯೂ ಅಲ್ಲವೆಂದು ಪಂಡಿತ ಸಮಾಧಾನಪಟ್ಟು, ವಾಲುವುದು ಬಲಕ್ಕೇ ಇರಲಿ, ಎಡ ಅಪಶಕುನ ಎಂದಷ್ಟು ಸೇರಿಸಿದ. ಎಲ್ಲರಿಗಿಂತ ಮೊದಲು ಸಹಿ ಹಾಕಿದವನು ಉಗ್ರಾಣದ ಅಧಿಕಾರಿ. ಹಾಕುವ ಮುನ್ನ ಅವನು ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದ.

"ಮೂವರೇ ತಾನೆ?"

"ಹೌದು ಸ್ವಾಮಿ, ಮೂವರು."

"ಬಲಕ್ಕೇ ತಾನೆ?"

"ಬಲಕ್ಕೆ."

"ಬಹಳ ಸ್ಪಷ್ಟವಾಗಿದೆ" ಎಂದು ಅವನು ಮನಸಾರೆ ಹೊಗಳಿದ. ಆ ಹೊಗಳಿಕೆ ಚೆನ್ನಾಜಿಗೆ ಯಾಕೋ ಇರುಸುಮುರುಸಾಯಿತು. ಆದರೆ ಗೆದ್ದ ದಿನ ಅನುಮಾನಕ್ಕೆ ಜಾಗ ಕೊಡುವವರಾರು? ಆ ಸಂಜೆ ಸುಣ್ಣದ ಬೀದಿಯ ಅಂಗಳದಲ್ಲಿ ಅವಳು ಕಾಲು ಸೋಲುವ ತನಕ ತುಳಿದಳು. ಮಂಚಯ್ಯ ಲೆಕ್ಕ ಕೂಗಿ ಕೂಗಿ ದನಿ ಕಳಕೊಂಡ.

ನಕ್ಷೆ ಅಚ್ಚಾಗಿ ಬಂತು. ಹನ್ನೊಂದು ಅಂಗಳಗಳ ಮೇಲೂ ಮೂವರು ಬಲಕ್ಕೆ ವಾಲಿದ್ದರು. ಊರಿಗೆ ಬಂದವರು ಯಾರನ್ನೂ ಕೇಳದೆ ನೇರವಾಗಿ ಅಂಗಳಗಳಿಗೆ ಬಂದರು, ಕೆಲವರು ಚಪ್ಪಲಿ ಬಿಟ್ಟು ಸಾಲಿಗೂ ಸೇರಿದರು. ಹತ್ತು ದಿನ ಹೀಗೇ ನಡೆಯಿತು. ಹನ್ನೊಂದನೆಯ ದಿನ ಅಂಗಳಕ್ಕೆ ತಾಳೆಗಾರ ಬಂದ.

ತಾಳೆಗಾರನೆಂದರೆ ನಕ್ಷೆಗೂ ನೆಲಕ್ಕೂ ತಾಳೆಯಾಗುತ್ತದೆಯೇ ಎಂದು ನೋಡುವವನು. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬ ಗಾದೆ ನಮಗೆಲ್ಲ ಗೊತ್ತು. ನಕ್ಷೆ ಕಚೇರಿಯವರು ಆ ಗಾದೆಯನ್ನು ನಿಜವಾಗಿ ನಂಬಿದವರು. ತಾಮ್ರದ ತಗಡನ್ನು ಹನ್ನೆರಡು ವರ್ಷ ಮುಟ್ಟುವಂತಿಲ್ಲವಾದ್ದರಿಂದ, ಎರಡಕ್ಕೂ ವ್ಯತ್ಯಾಸ ಬಂದರೆ ಡೊಂಕು ಯಾವಾಗಲೂ ನೆಲದ್ದೇ. ಕೊಡದ ಗುರುತು ಹಾಕಿದ ಬಾವಿಯಲ್ಲಿ ಜನ ಬಿಂದಿಗೆ ಇಳಿಸಿದ್ದಕ್ಕೆ ತಾಳೆಗಾರ ಆಗಲೇ ಎಚ್ಚರಿಕೆ ಕೊಟ್ಟು ಬಂದಿದ್ದ.

ಅವನು ಕಟ್ಟೆಯ ಮೇಲೆ ಹಾಳೆ ಹರಡಿ ಕುಣಿಯುವವರನ್ನು ಎಣಿಸಿದ. "ಮೂವತ್ತೆಂಟು ಜನ ಇದ್ದೀರಿ. ನಕ್ಷೆಯಲ್ಲಿ ಮೂವರು."

ಮಂಚಯ್ಯ ನಕ್ಕ. "ಮೂವತ್ತೆಂಟ್ರಾಗೆ ಮೂವರು ಇಲ್ವಾ ಬುದ್ಧಿ?"

ತಾಳೆಗಾರ ನಗಲಿಲ್ಲ. "ಈಗ ತಾನೆ ಎಡಕ್ಕೆ ವಾಲಿದಿರಿ. ನಕ್ಷೆಯಲ್ಲಿ ಬಲಕ್ಕಿದೆ."

"ಬಲಕ್ಕೆ ಹೋದ್ಮೇಲೆ ಎಡಕ್ಕೆ ಬರ್ಬೇಕಲ್ಲ ಸ್ವಾಮಿ. ಇಲ್ದಿದ್ರೆ ಬಿದ್ದೋಯ್ತೀವಿ."

"ಎಡಕ್ಕೆ ಬಂದದ್ದು ಕಾಗದದಲ್ಲಿ ಎಲ್ಲೂ ಇಲ್ಲ" ಎಂದು ತಾಳೆಗಾರ ಬಹಳ ಮೃದುವಾಗಿ ಹೇಳಿದ. ಅವನು ಕೆಟ್ಟವನಲ್ಲ, ಕಣ್ಣಿಗೆ ಕಂಡದ್ದನ್ನು ಬರೆದುಕೊಳ್ಳುವವನು. "ಮೂರು ಸಲ ನೋಡುತ್ತೇನೆ. ಮೂರನೆಯ ಸಲವೂ ತಾಳೆಯಾಗದಿದ್ದರೆ ಇಲ್ಲಿ ಇರುವುದು ಗುರುತು ಹೇಳುವ ಜಾಗವಲ್ಲ ಎಂದಾಯಿತು. ಅಂದರೆ ಬಯಲು. ಯಾವಾಗ ಬರುತ್ತೇನೆಂದು ಹೇಳಿ ಬರುವ ಪದ್ಧತಿ ನಮ್ಮಲ್ಲಿಲ್ಲ."

ಚೆನ್ನಾಜಿ ಬೆಳಗಾಗುತ್ತಲೇ ಹಿರಿಯ ನಕ್ಷೆಗಾರನ ಕೋಣೆಗೆ ನುಗ್ಗಿದಳು. ಕಚೇರಿಯ ಹಿರಿಯ ಅವನು, ಅವಳಿಗೆ ಉಳಿ ಹಿಡಿಯಲು ಕಲಿಸಿದವನು.

"ಗುರುತು ಅಂದರೆ ಗುರುತು, ಗುರುಗಳೇ. ದಾರಿ ತೋರಿಸೋದಕ್ಕೆ ಹಾಕಿದ್ದು. ಹೀಗೇ ಕುಣೀರಿ ಅಂತ ಹಾಕಿದ್ದಲ್ಲ."

"ಅದು ನಿನಗೆ ಗೊತ್ತು, ನನಗೆ ಗೊತ್ತು" ಎಂದು ಅವನು ಕನ್ನಡಕ ತೆಗೆದು ಒರೆಸಿದ. "ನಿನ್ನ ಮೊದಲನೆಯ ಗುರುತನ್ನೇ ಹಾಕಿದ್ದರೆ ಈ ತಾಪತ್ರಯ ಇರುತ್ತಿರಲಿಲ್ಲ ನೋಡು. ಮುಳ್ಳು ತುಳಿದವನೋ, ಕುಡಿದವನೋ, ನಾಯಿ ಕಂಡವನೋ ಎಂದು ತಾಳೆಗಾರ ತಲೆ ಕೆರೆದುಕೊಂಡು, ಏನೋ ಒಂದು ಇದೆ ಎಂದು ಬರೆದು ಹೋಗುತ್ತಿದ್ದ. ನಿನ್ನದು ಚೆನ್ನಾಗಿ ಓದಲು ಬರುತ್ತದೆ ತಾಯಿ. ತೊಂದರೆಯಿರುವುದು ಅಲ್ಲೇ."

"ತಗಡಿನಲ್ಲಿ ಎಡಕ್ಕೆ ವಾಲಿದ ಇನ್ನೊಂದು ಗೀರು ಸೇರಿಸಲೇ? ಒಂದೇ ಒಂದು?"

"ಹನ್ನೆರಡು ವರ್ಷ ಬಿಟ್ಟು ಬಾ."

ಅವಳು ಹೊರಗೆ ಬಂದಳು. ಕೋಪ ಯಾರ ಮೇಲೆ ಮಾಡಿಕೊಳ್ಳಬೇಕೆಂದು ತಿಳಿಯಲಿಲ್ಲ. ಅಧಿಕಾರಿಯ ಮೇಲೆ ಮಾಡಿಕೊಂಡರೆ ಅವನು ಹೊಗಳಿದ್ದು ಬಿಟ್ಟು ಬೇರೇನೂ ಮಾಡಿರಲಿಲ್ಲ. ತಾಳೆಗಾರ ಎಣಿಸಿದ್ದನಷ್ಟೆ. ಉಳಿದದ್ದು ತನ್ನ ಕೈ. ಅಲುಗದ ಆ ಕೈಯನ್ನು ಅವಳು ದಾರಿಯುದ್ದಕ್ಕೂ ಬೈದುಕೊಂಡಳು.

ಅಂಗಳದಲ್ಲಿ ಪಂಚಾಯಿತಿ ಕೂತಿತು. ಬೈಗುಳ ಬರಬಹುದೆಂದು ಚೆನ್ನಾಜಿ ತಲೆ ತಗ್ಗಿಸಿದಳು. ಯಾರೂ ಬೈಯಲಿಲ್ಲ, ಅದು ಇನ್ನೂ ಕಷ್ಟವಾಯಿತು. "ಜಾಗ ಇದ್ರೆ ತಾನೆ ಕುಣಿತ" ಎಂದು ಮಂಚಯ್ಯ ಹೇಳಿದ. "ಮೊದ್ಲು ಜಾಗ ಉಳಿಸ್ಕಳನ. ಕುಣಿತ ಎಲ್ಲೋಯ್ತದೆ, ಕಾಲಾಗೇ ಇರ್ತದೆ." ಎಲ್ಲರಿಗೂ ಆ ಮಾತು ಸರಿಯೆನಿಸಿತು. ತಾಳೆಗಾರ ಯಾವ ಹೊತ್ತಿಗೆ ಬರುತ್ತಾನೋ ಗೊತ್ತಿಲ್ಲದ್ದರಿಂದ ಬೆಳಗಿನಿಂದ ಸಂಜೆಯ ತನಕ ಪಾಳಿ ಹಾಕಿಕೊಂಡರು. ಒಂದು ಪಾಳಿಗೆ ಮೂವರು. ಅಂಗಳದ ನಡುವೆ ನಿಲ್ಲುವುದು, ಮೊಣಕಾಲು ತುಸು ಮಡಿಸುವುದು, ಬಲಕ್ಕೆ ವಾಲುವುದು, ಮುಂದಿನ ಮೂವರು ಬರುವ ತನಕ ಹಾಗೇ ಇರುವುದು. ಉಳಿದ ಮೂವತ್ತೈದು ಜನ ಕಟ್ಟೆಯ ಕೆಳಗೆ ಕಣ್ಣಿಗೆ ಬೀಳದಂತೆ ಕೂರುವುದು.

ತಾಳೆಗಾರ ಎರಡನೆಯ ಸಲ ಬಂದ, ಮೂರನೆಯ ಸಲ ಬಂದ. ಎರಡು ಸಲವೂ ಹಾಳೆಯನ್ನೂ ಅಂಗಳವನ್ನೂ ಒಟ್ಟಿಗೆ ನೋಡಿ, ತಾಳೆಯಾಗಿದೆ ಎಂದು ಬರೆದ. ಹೋಗುವಾಗ ಮಂಚಯ್ಯನ ಬೆನ್ನು ತಟ್ಟಿ, ಊರಿನಲ್ಲಿ ಇಷ್ಟು ಅಚ್ಚುಕಟ್ಟಾದ ಜಾಗ ಇನ್ನೊಂದಿಲ್ಲ ಎಂದ. ಆಮೇಲೂ ಅವನು ಯಾವಾಗ ಬೇಕಾದರೂ ಬರಬಹುದಾಗಿತ್ತು, ಹಾಗಾಗಿ ಪಾಳಿ ನಿಲ್ಲಲಿಲ್ಲ. ಸುದ್ದಿ ಕೇಳಿ ಉಳಿದ ಹತ್ತು ಅಂಗಳಗಳೂ ಇದೇ ಕ್ರಮ ಹಿಡಿದವು. ಒಂದೂ ಬಯಲಾಗಲಿಲ್ಲ. ಉಗ್ರಾಣದ ಅಧಿಕಾರಿ ಅವಸರಪಡುವವನಲ್ಲ, ಕಾಯುತ್ತಿದ್ದ. ಕಟ್ಟೆಯ ಕೆಳಗೆ ಕೂತವರಲ್ಲಿ ಕೆಲವರು ಬರುವುದನ್ನು ಬಿಟ್ಟರು, ಕೆಲವರು ಹುರಿಗಡಲೆ ತಂದು ಮೆಲ್ಲುತ್ತಾ ಪಾಳಿ ಕಾದರು. ಮಂಚಯ್ಯ ಲೆಕ್ಕ ಕೂಗುವುದನ್ನು ನಿಲ್ಲಿಸಿದ. ಒಂದರ ನಂತರ ಎರಡು ಬರುವುದಿಲ್ಲವೆಂದ ಮೇಲೆ ಕೂಗುವುದಾದರೂ ಏನನ್ನು?

ಚೆನ್ನಾಜಿ ಹಟ ಹಿಡಿದು ವಾರಕ್ಕೆರಡು ಪಾಳಿ ಕೇಳಿ ಪಡೆದಿದ್ದಳು. ಒಂದು ಮಧ್ಯಾಹ್ನ ಅವಳು ಸಾಲಿನಲ್ಲಿ ಮೂರನೆಯವಳಾಗಿ ನಿಂತಿದ್ದಾಗ ದೂರದ ಊರಿನ ಗಂಡ ಹೆಂಡತಿ ನಕ್ಷೆ ಹಿಡಿದು ಅಂಗಳಕ್ಕೆ ಬಂದರು. ನಡೆದು ಬಂದ ಬಿಸಿಲಿಗೆ ಇಬ್ಬರ ಮುಖವೂ ಕೆಂಪಾಗಿತ್ತು. ಹೆಂಡತಿ ಹಾಳೆಯ ಮೇಲೆ ಬೆರಳಿಟ್ಟು, ಒಂದು, ಎರಡು, ಮೂರು ಎಂದು ಎಣಿಸಿ, ತಲೆಯೆತ್ತಿ ಮತ್ತೆ ಎಣಿಸಿದಳು. ಸಂತೋಷದಿಂದ ಅವಳ ಕಣ್ಣರಳಿತು.

"ಇದೇ ನೋಡ್ರೀ ಕುಣಿಯೋ ಜಾಗ. ಥೇಟ್ ಹಂಗೇ ಐತೆ. ಈ ನಕ್ಷೆ ಮಾಡ್ದೋರ ಕೈಗೆ ಚಿನ್ನದ ಬಳೆ ತೊಡಿಸ್ಬೇಕು."

ಚೆನ್ನಾಜಿ ಬಲಕ್ಕೆ ವಾಲಿಯೇ ಇದ್ದಳು. ಎಡಕ್ಕೆ ಬರಬೇಕಾದ ಹೆಜ್ಜೆ ಮೀನಖಂಡದಲ್ಲಿ ಬಂದು ನಿಂತಿತ್ತು. ಅವಳು ಹಲ್ಲು ಕಚ್ಚಿ ಅದನ್ನು ಅಲ್ಲೇ ಹಿಡಿದಳು. ಹಿಡಿದಷ್ಟೂ ಕಾಲು ನಡುಗತೊಡಗಿತು, ಮೊದಲು ಪಾದ, ಆಮೇಲೆ ಮೊಣಕಾಲು.

ಗಂಡ ಹಾಳೆಯನ್ನು ಹತ್ತಿರ ಹಿಡಿದು, ಅವಳನ್ನು ನೋಡಿ, ಮತ್ತೆ ಹಾಳೆ ನೋಡಿದ. "ಆ ಕೊನೇಲಿ ನಿಂತವಳ ಕಾಲು ಅಲ್ಲಾಡ್ತಾ ಐತಲ್ಲೇ. ಇದ್ರಾಗೆ ಹಂಗಿಲ್ಲ."

"ಹೋಗ್ಲಿ ಬಿಡ್ರೀ" ಎಂದಳು ಹೆಂಡತಿ ಮರುಕದಿಂದ, ನಕ್ಷೆ ಮಡಿಸುತ್ತಾ. "ಪಾಪ, ಹೊಸಬಳಿರ್ಬೇಕು. ಕುಣಿಯೋದು ಇನ್ನೂ ಬಂದಿಲ್ಲ."